ಟೈಸನ್‌ನ ಎದುರಿಗೆ ಜೋ ಲೂಯಿಸ್: ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರ್‌ಗಳನ್ನು ಒಂದೇ ರಿಂಗಿಗೆ ಇಳಿಸುವ ಬಗೆ

2020ರ ಫೆಬ್ರವರಿ ನೆನಪುಂಟಲ್ಲ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕೂತು ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್‌ನ ದಾಖಲೆ 9.58. ಅಲ್ಲಿಗೆ ಮುಗಿಯಿತು, ಕೆಲವೇ ದಿನಗಳಲ್ಲಿ ದೇಶವಿಡೀ ಅದೇ ಸುದ್ದಿ. ಮುಂದೆ ಎಳೆದುಕೊಂಡು ಹೋದ ಕೋಣಗಳನ್ನು ಎಲ್ಲರೂ ಮರೆತರು. ಗೌಡರು ಮಾತ್ರ ಮರೆಯಲಿಲ್ಲ. ಓಡಿದ್ದು ಕೋಣಗಳೂ ಹೌದು ಎಂದರು, ಸಿಂಥೆಟಿಕ್ ಟ್ರ್ಯಾಕಿನ ಟ್ರಯಲ್ಸ್ ಬೇಡವೆಂದರು.

ಎರಡು ಬೇರೆ ಲೋಕದವರನ್ನು ಅಕ್ಕಪಕ್ಕ ನಿಲ್ಲಿಸುವಾಗ ಆಗುವ ತಪ್ಪು ಪ್ರತಿಸಲವೂ ಇದೇ. ಲೆಕ್ಕ ಸರಿ ಇರುತ್ತದೆ, ಕೋಣ ಬಿಟ್ಟುಹೋಗಿರುತ್ತದೆ. ಹೆವಿವೇಟ್ ಬಾಕ್ಸಿಂಗಿನ ವಾದಗಳಲ್ಲಂತೂ ಕೋಣಗಳ ಹಿಂಡೇ ಬಿಟ್ಟುಹೋಗುತ್ತದೆ. "ಟೈಸನ್ ಎದುರು ಲೂಯಿಸ್ ಎರಡು ರೌಂಡ್ ನಿಲ್ತಿರಲಿಲ್ಲ" ಎಂದು ಒಬ್ಬ, "ಈಗಿನವರಿಗೆಲ್ಲ ಹದಿನೈದು ರೌಂಡ್ ಉಸಿರೇ ಇಲ್ಲ" ಎಂದು ಇನ್ನೊಬ್ಬ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ, ಅದು ಅವರಿಗೇ ಗೊತ್ತಿಲ್ಲ.

ನನಗೆ ಈ ಚಟ ಹತ್ತಿಸಿದ್ದು ನನ್ನ ಸೋದರಮಾವ. ಬಹರೈನ್‌ನಲ್ಲಿ ಕೆಲಸಕ್ಕಿದ್ದವರು ರಜೆಯಲ್ಲಿ ಬರುವಾಗ ಸೆಂಟು, ಟಾರ್ಚಿನ ಜೊತೆ ವಿಡಿಯೊ ಕ್ಯಾಸೆಟ್‌ಗಳನ್ನೂ ತರುತ್ತಿದ್ದರು. ಕದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಟೈಸನ್‌ನನ್ನು ಮೊದಲು ನೋಡಿದ್ದು ಹಾಗೆ. ಮಾವನಿಗೆ 1930–40ರ ದಶಕದ ಚಾಂಪಿಯನ್ ಲೂಯಿಸ್ ದೇವರು, ನನಗೆ 80ರ ದಶಕದ ಟೈಸನ್. ಮೂವತ್ತೈದು ವರ್ಷ ಜಗಳಾಡಿ ಕಲಿತ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಹಳೆಯ ಪಂದ್ಯ ನೋಡಲು ಫೋನೋ ಟಿವಿಯೋ, ಮನೆಯಲ್ಲಿದ್ದರೆ ಒಂದು ಚೆನ್ನೆಮಣೆ (ಅಳಗುಳಿಮಣೆ), ಮತ್ತು ನಿಮ್ಮ ಮಾತನ್ನು ಒಪ್ಪದ ಒಬ್ಬ ಮನುಷ್ಯ. ಕೊನೆಯದು ಇಲ್ಲದಿದ್ದರೆ ಉಳಿದದ್ದು ಇದ್ದೂ ಪ್ರಯೋಜನವಿಲ್ಲ.

ಹೆಜ್ಜೆ 1: ಮೊದಲು ಕರಾರು ಬರೆಯಿರಿ

ಹೆಸರಿನ ಪಕ್ಕ ತಾರೀಕು ಹಾಕದೆ ಒಂದು ಮಾತೂ ಆಡಬೇಡಿ. "ಅಲಿ" ಎಂದರೆ ಯಾವ ಅಲಿ? 1966ರ ನವೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ರೌಂಡಿನಲ್ಲಿ ಮುಗಿಸಿದ ಅಲಿ ಕಾಲಿನ ಮೇಲೆ ಬದುಕುತ್ತಿದ್ದವನು. 1974ರ ಅಕ್ಟೋಬರಿನಲ್ಲಿ ಕಿನ್ಶಾಸಾದಲ್ಲಿ ಫೋರ್ಮನ್‌ನನ್ನು ಕೆಡವಿದ ಅಲಿಗೆ ಆ ಕಾಲುಗಳಿರಲಿಲ್ಲ. ಹಗ್ಗಕ್ಕೆ ಒರಗಿ ಪೆಟ್ಟು ತಿಂದು ಕಾಯುವ ಎದೆಗಾರಿಕೆ ಇತ್ತು. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ರೌಂಡ್ ಆದಮೇಲೆ ಸ್ಟೂಲಿನಿಂದ ಏಳದ ಅಲಿಗೆ ಎರಡೂ ಇರಲಿಲ್ಲ. ನಡುವೆ 1967ರಿಂದ 1970ರವರೆಗೆ ಮೂರೂವರೆ ವರ್ಷ ಅವನನ್ನು ರಿಂಗಿಗೇ ಬಿಡಲಿಲ್ಲ. ಇಪ್ಪತ್ತೇಳು–ಇಪ್ಪತ್ತೆಂಟರ ಅಲಿ ಹೇಗಿರುತ್ತಿದ್ದ ಎಂಬುದು ಪೂರ್ತಿ ಕಲ್ಪನೆ. ಆದ್ದರಿಂದ ಕಂಡ ರಾತ್ರಿಯ ಅಲಿಯನ್ನೇ ಆರಿಸಬೇಕು, ಕಾಣದ ಅಲಿಯನ್ನಲ್ಲ.

ತಾರೀಕಿನ ಮಹತ್ವ ತಿಳಿಯಬೇಕಾದರೆ ನಿಜವಾಗಿಯೇ ನಡೆದ "ಕಾಲಾಂತರದ ಪಂದ್ಯ"ಗಳನ್ನು ನೋಡಿ. 1951ರ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೊ ಜೋ ಲೂಯಿಸ್‌ನನ್ನು ಎಂಟನೇ ರೌಂಡಿನಲ್ಲಿ ಹಗ್ಗದಾಚೆ ಉರುಳಿಸಿದ. ಲೂಯಿಸ್‌ಗೆ ಆಗ 37. ಇದನ್ನು ಹಿಡಿದುಕೊಂಡು "ಮಾರ್ಸಿಯಾನೊ ಲೂಯಿಸ್‌ಗಿಂತ ದೊಡ್ಡವ" ಎನ್ನುವವರಿದ್ದಾರೆ. 1988ರ ಜನವರಿಯಲ್ಲಿ ಟೈಸನ್ ನಾಲ್ಕು ರೌಂಡಿನಲ್ಲಿ ಮುಗಿಸಿದ ಹೋಮ್ಸ್‌ಗೂ 38. 2024ರಲ್ಲಿ 58ರ ಟೈಸನ್ ಒಬ್ಬ ಯೂಟ್ಯೂಬ್ ಹುಡುಗನ ಎದುರು ಎಂಟು ರೌಂಡ್ ಓಡಾಡಿದ್ದನ್ನೂ ಯಾರೋ ಒಬ್ಬರು ವಾದಕ್ಕೆ ತಂದೇ ತರುತ್ತಾರೆ. ತಂದವರಿಗೆ ಚಹಾ ಕೊಟ್ಟು ಕಳಿಸಿ. ಪ್ರದರ್ಶನ ಪಂದ್ಯಗಳೂ ಲೆಕ್ಕಕ್ಕಿಲ್ಲ. 1980ರಲ್ಲಿ ಅಲಿ ದೆಹಲಿಗೆ ಬಂದು ನಮ್ಮ ಕೌರ್ ಸಿಂಗ್ ಜೊತೆ ಗ್ಲೌಸ್ ತೊಟ್ಟಿದ್ದು ನಮಗೆಲ್ಲ ಹೆಮ್ಮೆಯ ವಿಷಯ, ಆದರೆ ಅದರಿಂದ ಯಾರ ಬಲವನ್ನೂ ಅಳೆಯಲಾಗದು.

ಎರಡನೆಯ ಕರಾರು ನಿಯಮದ್ದು. ಯಾರ ಕಾಲದ ನಿಯಮ? ಇದನ್ನು ಸಣ್ಣ ವಿಷಯ ಎಂದುಕೊಂಡವರಿಗೆ ನಾನು ಬಿಲ್ಲಿ ಕಾನ್‌ನ ಕತೆ ಹೇಳುತ್ತೇನೆ. 1941ರ ಜೂನ್ 18, ನ್ಯೂಯಾರ್ಕ್. ಎಂಬತ್ತು ಕೆಜಿಯೂ ಇಲ್ಲದ ಕಾನ್, ಲೂಯಿಸ್‌ನನ್ನು ಸುತ್ತಿ ಸುತ್ತಿ ಹೊಡೆದು ಹನ್ನೆರಡು ರೌಂಡ್ ಮುಗಿಯುವಾಗ ಎರಡು ಸ್ಕೋರ್‌ಕಾರ್ಡುಗಳಲ್ಲಿ ಮುಂದಿದ್ದ, ಮೂರನೆಯದರಲ್ಲಿ ಸಮ. ಪಂದ್ಯ ಹದಿನೈದು ರೌಂಡಿನದು. ಹದಿಮೂರರಲ್ಲಿ ನಾಕೌಟ್ ಮಾಡಲು ಹೋಗಿ ತಾನೇ ನಾಕೌಟ್ ಆದ. ಇಂದಿನ ಹನ್ನೆರಡು ರೌಂಡಿನ ನಿಯಮ ಅಂದು ಇದ್ದಿದ್ದರೆ ಲೂಯಿಸ್‌ನ ಪಟ್ಟ ಅವತ್ತೇ ಹೋಗಿತ್ತು. ಮಾರ್ಸಿಯಾನೊ ಪಟ್ಟ ಗೆದ್ದದ್ದೂ ಹದಿಮೂರನೇ ರೌಂಡಿನಲ್ಲಿ. 1952ರಲ್ಲಿ ಜರ್ಸಿ ಜೋ ವಾಲ್ಕಾಟ್ ಅಲ್ಲಿಯವರೆಗೆ ಮೂರೂ ಕಾರ್ಡುಗಳಲ್ಲಿ ಮುಂದಿದ್ದ. ಅಂದರೆ ಮಾರ್ಸಿಯಾನೊನ 49 ಗೆಲುವು, ಸೊನ್ನೆ ಸೋಲು, 49–0 ಎಂಬ ಆ ಪ್ರಸಿದ್ಧ ಅಂಕಿಯೇ ಕೊನೆಯ ಮೂರು ರೌಂಡುಗಳ ದಾನ. ಇನ್ನೂ ಹಿಂದೆ ಹೋದರೆ 1915ರಲ್ಲಿ ಹವಾನಾದಲ್ಲಿ ಜ್ಯಾಕ್ ಜಾನ್ಸನ್ ಸೋತದ್ದು 26ನೇ ರೌಂಡಿನಲ್ಲಿ, ಪಂದ್ಯ ನಿಗದಿಯಾಗಿದ್ದು 45ಕ್ಕೆ! 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ರಿಂಗಿನಲ್ಲಿ ತಿಂದ ಪೆಟ್ಟಿನಿಂದ ಸತ್ತಮೇಲೆ ಸಂಸ್ಥೆಗಳು ಒಂದೊಂದಾಗಿ ಹನ್ನೆರಡಕ್ಕೆ ಇಳಿದವು.

ರೌಂಡಿನಷ್ಟೇ ದೊಡ್ಡದು ಬಿದ್ದವನಿಗೆ ಸಿಗುವ ರಕ್ಷಣೆ. 1919ರಲ್ಲಿ 85 ಕೆಜಿಯ ಜ್ಯಾಕ್ ಡೆಂಪ್ಸಿ 111 ಕೆಜಿಯ ಜೆಸ್ ವಿಲ್ಲಾರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ ಎಂದು ಓದಿ ರೋಮಾಂಚನ ಆಗುತ್ತದೆ. ಚಿತ್ರ ನೋಡಿದರೆ ಬೇರೆ ಕತೆ. ವಿಲ್ಲಾರ್ಡ್ ಏಳುತ್ತಿದ್ದಂತೆಯೇ ಪಕ್ಕದಲ್ಲೇ ಕಾದು ನಿಂತ ಡೆಂಪ್ಸಿ ಹೊಡೆಯುತ್ತಾನೆ, ಅವನು ಪೂರ್ತಿ ನೆಟ್ಟಗಾಗುವುದೇ ಇಲ್ಲ. ಕೆಡವಿದವನು ದೂರದ ಮೂಲೆಗೆ ಹೋಗಬೇಕೆಂಬ ನಿಯಮ ಬಂದಮೇಲೆ ಅದೇ ಡೆಂಪ್ಸಿ 1927ರಲ್ಲಿ ಮೂಲೆಗೆ ಹೋಗಲು ತಡಮಾಡಿದ್ದರಿಂದ ಜೀನ್ ಟನ್ನಿಗೆ ಸುಮಾರು 14 ಸೆಕೆಂಡು ಸಿಕ್ಕಿತು, ಪಂದ್ಯವೂ ಹೋಯಿತು. ಡೆಂಪ್ಸಿಯನ್ನು ಇಂದಿಗೆ ತರುವವರು ಈ ಒಂದು ನಿಯಮವನ್ನಾದರೂ ನೆನಪಿಡಬೇಕು.

ಮೂರನೆಯ ಕರಾರು: ಮನುಷ್ಯನನ್ನು ಕಾಲದಾಚೆ ದಾಟಿಸುವುದು ಹೇಗೆ? ಇದ್ದವನನ್ನು ಇದ್ದ ಹಾಗೆ ಎತ್ತಿ ತರುತ್ತೀರೋ, ಅಥವಾ ಅವನು ಈ ಕಾಲದಲ್ಲೇ ಹುಟ್ಟಿ, ಈ ಕಾಲದ ಊಟ, ತರಬೇತಿ ಪಡೆದಿದ್ದರೆ ಎಂದು ಊಹಿಸುತ್ತೀರೋ? ನಾನು ಎತ್ತಿ ತರುವ ಪಕ್ಷ. ಯಾಕೆಂದರೆ ಎರಡನೆಯದರಲ್ಲಿ ನಮ್ಮಿಷ್ಟದವನಿಗೆ ನಾವೇ ಹತ್ತು ಕೆಜಿ ಸ್ನಾಯು ಉಡುಗೊರೆ ಕೊಟ್ಟುಬಿಡುತ್ತೇವೆ. ಆದರೆ ಎತ್ತಿ ತಂದರೆ ಒಂದು ಕಹಿ ಸತ್ಯ ನುಂಗಬೇಕು. ಮಾರ್ಸಿಯಾನೊ ಸುಮಾರು 84 ಕೆಜಿ, ಡೆಂಪ್ಸಿ 85, ಲೂಯಿಸ್ 90. ಹೆವಿವೇಟಿನ ಕೆಳಗಿನ ವರ್ಗವಾದ ಕ್ರೂಸರ್‌ವೇಟಿನ ಇಂದಿನ ಮಿತಿ 90.7 ಕೆಜಿ. ಮೂವರೂ ಈಗ ಹೆವಿವೇಟೇ ಅಲ್ಲ! ಹಾಗೆಂದು ತೂಕವೇ ಎಲ್ಲ ಎನ್ನುವುದೂ ತಪ್ಪು. ಕ್ರೂಸರ್‌ವೇಟಿನಿಂದಲೇ ಮೇಲೆ ಬಂದ ಉಕ್ರೇನಿನ ಉಸಿಕ್ 2024ರ ಮೇಯಲ್ಲಿ 101 ಕೆಜಿಯ ಮೈ ಹೊತ್ತು 119 ಕೆಜಿಯ, ಆರಡಿ ಒಂಬತ್ತಿಂಚಿನ ಟೈಸನ್ ಫ್ಯೂರಿಯನ್ನು ರಿಯಾದ್‌ನಲ್ಲಿ ಸೋಲಿಸಿದ. ಡಿಸೆಂಬರಿನಲ್ಲಿ ಮತ್ತೊಮ್ಮೆ ಸೋಲಿಸಿದ.

ಮೂರೂ ಕರಾರುಗಳನ್ನು ನೋಟ್‌ಬುಕ್ಕಿನ ಮೇಲ್ಗಡೆ ಬರೆದು ಇಬ್ಬರೂ ಸಹಿ ಹಾಕಿ. ತಮಾಷೆಗಲ್ಲ. ಅರ್ಧ ಗಂಟೆ ಕಳೆದಮೇಲೆ ಎದುರು ಕೂತವರು ಮೆಲ್ಲನೆ ತಾರೀಕು ಬದಲಾಯಿಸುತ್ತಾರೆ. ನಮ್ಮ ಮಾವ ಇದರಲ್ಲಿ ಎತ್ತಿದ ಕೈ.

ಹೆಜ್ಜೆ 2: ಶಬ್ದ ತೆಗೆದು ಪಂದ್ಯ ನೋಡಿ

ನಾಕೌಟ್‌ಗಳನ್ನಷ್ಟೇ ಕತ್ತರಿಸಿ ಅಂಟಿಸಿದ ತುಣುಕುಗಳನ್ನು ನೋಡಿ ಯಾರನ್ನೂ ಅಳೆಯಬೇಡಿ. ಅದರಲ್ಲಿ ಎಲ್ಲರೂ ಭೀಮಸೇನರೇ. ಪೂರ್ತಿ ಪಂದ್ಯ ನೋಡಿ, ಅದರಲ್ಲೂ ಸೋತದ್ದು, ಒದ್ದಾಡಿ ಗೆದ್ದದ್ದು. 1988ರ ಜೂನ್ ಮುಗಿಯುವಾಗ ಟೈಸನ್‌ನ ಲೆಕ್ಕ 35ಕ್ಕೆ 35, ಅದರಲ್ಲಿ 31 ನಾಕೌಟ್. ಕಲಿಯಲು ಸಿಗುವುದು ಉಳಿದ ನಾಲ್ಕರಲ್ಲಿ: ಜೇಮ್ಸ್ ಟಿಲ್ಲಿಸ್, ಮಿಚ್ ಗ್ರೀನ್, "ಬೋನ್‌ಕ್ರಷರ್" ಸ್ಮಿತ್, ಟೋನಿ ಟಕರ್.

ವೀಕ್ಷಕ ವಿವರಣೆಯ ಶಬ್ದ ಬಂದ್ ಮಾಡಿ. ವಿವರಣೆಕಾರ ಕೂಗಿದ ಪೆಟ್ಟೆಲ್ಲ ತಾಗಿದ ಹಾಗೆ ಕಿವಿ ನಂಬಿಬಿಡುತ್ತದೆ. ಮೊದಲ ಸಲ ಒಬ್ಬನ ಕಾಲು ಮಾತ್ರ ನೋಡಿ. ಎರಡನೇ ಸಲ ಎಡಗೈ ಮಾತ್ರ, ಮುಖ್ಯವಾಗಿ ಜಾಬ್, ಅಂದರೆ ಮುಂದಿನ ಕೈಯ ನೇರ ಚುಟುಕು ಪೆಟ್ಟು, ಹೊಡೆದ ಮೇಲೆ ಆ ಕೈ ಎಲ್ಲಿಗೆ ವಾಪಸು ಬರುತ್ತದೆ ಎಂದು. 1936ರಲ್ಲಿ ಸೋಲೇ ಕಾಣದಿದ್ದ ಲೂಯಿಸ್‌ನನ್ನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಹನ್ನೆರಡನೇ ರೌಂಡಿನಲ್ಲಿ ಮಲಗಿಸಿದ್ದು ಇಷ್ಟನ್ನೇ ನೋಡಿ. ಜಾಬ್ ಆದಮೇಲೆ ಲೂಯಿಸ್‌ನ ಎಡಗೈ ಗಲ್ಲದ ಹತ್ತಿರ ಬರದೆ ಕೆಳಗಿಂದ ಸುತ್ತಿ ಬರುತ್ತಿತ್ತು. ಆ ಕಂಡಿಯಲ್ಲಿ ಶ್ಮೆಲಿಂಗ್‌ನ ಬಲಗೈ ಮತ್ತೆ ಮತ್ತೆ ಹೋಯಿತು. ನೀವೂ ಎಡಗೈ ಮಾತ್ರ ನೋಡಿದರೆ ನಾಲ್ಕನೇ ರೌಂಡಿನೊಳಗೆ ನಿಮಗೂ ಕಾಣುತ್ತದೆ.

ಹಳೆಯ ಮೂಕಿ ಚಿತ್ರಗಳ ವೇಗ ನಂಬಬೇಡಿ. ಆಗ ಕೈಯಿಂದ ತಿರುಗಿಸುವ ಕ್ಯಾಮೆರಾ, ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚಿತ್ರ. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಜಾನ್ಸನ್, ಡೆಂಪ್ಸಿ ಎಲ್ಲ ಕೀಲಿಗೊಂಬೆಗಳ ಹಾಗೆ ಕುಣಿಯುತ್ತಾರೆ. ನೋಡಿ ನಗುವವರಿದ್ದಾರೆ, "ಅಬ್ಬಾ ಎಂಥ ವೇಗ" ಎನ್ನುವವರೂ ಇದ್ದಾರೆ. ಸುಲಭದ ಪರೀಕ್ಷೆ ಉಂಟು. ರೌಂಡ್ ಎಂದರೆ ಮೂರು ನಿಮಿಷ. ಕತ್ತರಿ ಬೀಳದ ಒಂದು ರೌಂಡನ್ನು ಶುರುವಿನ ಗಂಟೆ ಬಾರಿಸಿದಲ್ಲಿಂದ ಕೊನೆಯ ಗಂಟೆ ಬಾರಿಸುವವರೆಗೆ ಗಡಿಯಾರ ಹಿಡಿದು ಅಳೆಯಿರಿ. ಎರಡೂಕಾಲು ನಿಮಿಷದಲ್ಲಿ ಮುಗಿದರೆ ಫೋನಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ಮತ್ತೆ ನೋಡಿ. ಗೊಂಬೆಗಳು ಮನುಷ್ಯರಾಗುತ್ತಾರೆ.

ಚಿತ್ರವೇ ಇಲ್ಲದವರನ್ನು ನಾನು ಆಟಕ್ಕೆ ಸೇರಿಸುವುದಿಲ್ಲ. 1889ರಲ್ಲಿ ಬರಿಗೈಯಲ್ಲಿ 75 ರೌಂಡ್ ಹೊಡೆದಾಡಿ ಗೆದ್ದ ಜಾನ್ ಎಲ್. ಸುಲಿವನ್ ದೊಡ್ಡ ಮನುಷ್ಯನೇ ಇರಬಹುದು, ಆದರೆ ಅವನ ಎಡಗೈ ಎಲ್ಲಿಗೆ ವಾಪಸು ಬರುತ್ತಿತ್ತೆಂದು ಯಾರನ್ನು ಕೇಳುವುದು?

ಹೆಜ್ಜೆ 3: ಚೆನ್ನೆಮಣೆಯ ಏಳು ಗುಳಿ

ಈ ಉಪಾಯ ಹೊಳೆದದ್ದು ಒಂದು ಆಟಿ ತಿಂಗಳಲ್ಲಿ. ಹೊರಗೆ ಬಿಡದೆ ಮಳೆ, ಕರೆಂಟಿಲ್ಲ, ಅಮ್ಮ ಅಟ್ಟದಿಂದ ಚೆನ್ನೆಮಣೆ ಇಳಿಸಿದ್ದರು. ನಾನೂ ಮಾವನೂ ಎದುರುಬದುರು. ಅವರ ಕಡೆ ಏಳು ಗುಳಿ, ನನ್ನ ಕಡೆ ಏಳು. ಮಾವ ಒಂದು ಮುಷ್ಟಿ ಮಂಜೊಟ್ಟಿ, ಚೆನ್ನೆಯಾಟದ ಕೆಂಪು ಕಾಳು, ಹಿಡಿದು, "ಲೂಯಿಸ್‌ನ ಜಾಬಿಗೆ ಎಷ್ಟು ಹಾಕ್ತೀ ಹೇಳು ನೋಡುವ" ಎಂದರು.

ಅಂದಿನಿಂದ ನಮ್ಮ ಗುಳಿಗಳ ಹೆಸರು ಹೀಗೆ: ಮೈಕಟ್ಟು, ಜಾಬ್, ಕಾಲು, ಪೆಟ್ಟು, ಎದ್ದು ನಿಲ್ಲುವುದು, ಉಸಿರು, ತಲೆ. ಒಂದೊಂದಕ್ಕೆ ಹೆಚ್ಚೆಂದರೆ ನಾಲ್ಕು ಕಾಳು.

ಮೈಕಟ್ಟಿನಲ್ಲಿ ಎತ್ತರಕ್ಕಿಂತ ರೀಚ್ ಮುಖ್ಯ, ಅಂದರೆ ಕೈ ಅಗಲಿಸಿ ನಿಂತಾಗ ತುದಿಯಿಂದ ತುದಿಗೆ ಎಷ್ಟು ಇಂಚು ಎಂಬುದು. ಸೋನಿ ಲಿಸ್ಟನ್ ಆರಡಿ ಒಂದಿಂಚು ಅಷ್ಟೇ, ರೀಚ್ ಮಾತ್ರ 84. ಆರಡಿ ಐದಿಂಚಿನ ಲೆನಾಕ್ಸ್ ಲೂಯಿಸ್‌ನಷ್ಟೇ ಉದ್ದ! "ಎದ್ದು ನಿಲ್ಲುವುದು" ಎಂಬ ಗುಳಿಯನ್ನು ಜನ ತಪ್ಪಾಗಿ ತುಂಬುತ್ತಾರೆ. ಬೀಳದವನಿಗೆ ನಾಲ್ಕು ಕಾಳು ಹಾಕಿಬಿಡುತ್ತಾರೆ. ಬೀಳದವನು ಎದ್ದಾನೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯೇ ಇಲ್ಲವಲ್ಲ. ಬಿದ್ದು, ಎದ್ದು, ಗೆದ್ದವನಿಗೆ ಮಾತ್ರ ಪೂರ್ತಿ ಕಾಳು. "ತಲೆ"ಯಲ್ಲಿ ಟ್ರೈನರ್‌ನನ್ನೂ ಸೇರಿಸಿ, ಮೂಲೆಯಲ್ಲಿ ಕೂತವನು ಬದಲಾದರೆ ಬಾಕ್ಸರನೇ ಬದಲಾಗುತ್ತಾನೆ. ಉಳಿದವು ಹೆಸರೇ ಹೇಳುತ್ತವೆ.

ತುಂಬಿದಮೇಲೆ ಒಂದು ಎಚ್ಚರಿಕೆ. ಕಾಳುಗಳನ್ನು ಒಟ್ಟು ಕೂಡಿಸಬೇಡಿ. ಮೊದಲ ವರ್ಷ ನಾವು ಕೂಡಿಸಿದೆವು, 22 ಆದವನು 20 ಆದವನನ್ನು ಗೆದ್ದ ಎಂದೆವು. ಬಾಕ್ಸಿಂಗ್ ಹಾಗಲ್ಲ. ಚೆನ್ನೆಯಲ್ಲಿ ಹೇಗೆ ಒಂದು ಗುಳಿಯಿಂದ ಎತ್ತಿದ ಕಾಳು ಎದುರಿನವನ ಗುಳಿಗೆ ಹೋಗಿ ಬೀಳುತ್ತದೋ ಹಾಗೆ ಇಲ್ಲಿ ಒಬ್ಬನ ಯಾವ ಗುಳಿ ಇನ್ನೊಬ್ಬನ ಯಾವ ಗುಳಿಗೆ ತಾಗುತ್ತದೆ ಎಂಬುದೇ ಆಟ. ಎದುರಾಳಿ ತಾನಾಗಿ ಮೈಮೇಲೆ ಬರುವವನಾದರೆ ನಿಮ್ಮ ಕಾಲು ನಿಧಾನವಾದರೂ ನಷ್ಟವಿಲ್ಲ. ಓಡುವವನಾದರೆ ನಿಮ್ಮ ಪೆಟ್ಟಿನ ನಾಲ್ಕು ಕಾಳೂ ಗಾಳಿಗೆ.

ಹೆಜ್ಜೆ 4: ಬದಲಿ ಮನುಷ್ಯನನ್ನು ಹುಡುಕಿ

"ಅವನು ಇವನನ್ನು ಸೋಲಿಸಿದ, ಇವನು ಮತ್ತೊಬ್ಬನನ್ನು ಸೋಲಿಸಿದ, ಆದ್ದರಿಂದ" ಎಂಬ ಸರಪಣಿ ವಾದಕ್ಕೆ ಇಲ್ಲಿ ಜಾಗ ಇಲ್ಲ. 1971ರಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರ ಮಾರ್ಚಿನಲ್ಲಿ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಅದೇ ಫ್ರೇಜಿಯರನ್ನು ಫೋರ್ಮನ್ ಕಿಂಗ್‌ಸ್ಟನ್‌ನಲ್ಲಿ ಆರು ಸಲ ಕೆಡವಿ ಎರಡೇ ರೌಂಡಿನಲ್ಲಿ ಮುಗಿಸಿದ, ನಾರ್ಟನ್‌ನನ್ನೂ ಎರಡೇ ರೌಂಡಿನಲ್ಲಿ. ಲೆಕ್ಕದ ಪ್ರಕಾರ ಅಲಿ ಕಿನ್ಶಾಸಾದಲ್ಲಿ ಒಂದೂವರೆ ರೌಂಡಿಗೆ ಮಲಗಬೇಕು. ಎಂಟನೆಯದರಲ್ಲಿ ಮಲಗಿದ್ದು ಫೋರ್ಮನ್. ಕೋಳಿಅಂಕದವರು ಈ ಸತ್ಯವನ್ನು ಎಂದೋ ಕಂಡುಕೊಂಡಿದ್ದಾರೆ, ಅದಕ್ಕೇ ಕುಕ್ಕುಟ ಪಂಚಾಂಗದಲ್ಲಿ "ಎಲ್ಲ ಕೋಳಿಯನ್ನೂ ಗೆಲ್ಲುವ ಕೋಳಿ" ಎಂಬುದಿಲ್ಲ, ಯಾವ ದಿನ ಯಾವ ಬಣ್ಣದ್ದು ಯಾವ ಬಣ್ಣದ್ದನ್ನು ಗೆಲ್ಲುತ್ತದೆ ಎಂದಷ್ಟೇ ಉಂಟು.

ಸರಪಣಿಯ ಬದಲು ಬದಲಿಗಳನ್ನು ಹುಡುಕಿ. ನಿಮ್ಮ ಬಾಕ್ಸರ್ ನಿಜವಾಗಿ ಎದುರಿಸಿದವರಲ್ಲಿ ಕಲ್ಪನೆಯ ಎದುರಾಳಿಗೆ ಅತಿ ಹತ್ತಿರ ಹೋಲುವವನು ಯಾರು? ಅವನೆದುರು ಇವನು ಏನು ಮಾಡಿದ? ಎಲ್ಲಿ ಹೋಲುವುದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಹೆಜ್ಜೆ 5: ಒಂದು ಪಂದ್ಯ ಪೂರ್ತಿ ಆಡಿಸಿ ನೋಡುವ

ಕರಾರು: ಜೋ ಲೂಯಿಸ್, 1938ರ ಜೂನ್ 22ರ ರಾತ್ರಿಯವನು. ಮೈಕ್ ಟೈಸನ್, 1988ರ ಜೂನ್ 27ರ ರಾತ್ರಿಯವನು. ಐವತ್ತು ವರ್ಷ ಐದು ದಿನದ ಅಂತರ. ನಿಯಮ ಇಂದಿನದು, ಹನ್ನೆರಡು ರೌಂಡ್. ಇಬ್ಬರನ್ನೂ ಇದ್ದ ಹಾಗೆ ಎತ್ತಿ ತಂದದ್ದು.

ಮೊದಲ ತೊಡಕು ಇಲ್ಲೇ. ಅವತ್ತು ಲೂಯಿಸ್ ಶ್ಮೆಲಿಂಗ್‌ನ ಮೇಲೆ ಸೇಡು ತೀರಿಸಿಕೊಳ್ಳಲು 124 ಸೆಕೆಂಡು ಸಾಕಾಯಿತು. ಟೈಸನ್ ತನ್ನ ಎದುರಾಳಿ ಮೈಕಲ್ ಸ್ಪಿಂಕ್ಸ್‌ನನ್ನು ಮುಗಿಸಿದ್ದು 91 ಸೆಕೆಂಡಿನಲ್ಲಿ. ಇಬ್ಬರ ಅತ್ಯುತ್ತಮ ರಾತ್ರಿಯೂ ಸೇರಿ ನಾಲ್ಕು ನಿಮಿಷದ ಚಿತ್ರವೂ ಇಲ್ಲ. ಆದ್ದರಿಂದ ಹಿಂದೆ ಮುಂದೆ ಎರಡೆರಡು ವರ್ಷದ ಪಂದ್ಯಗಳನ್ನು ಸಾಕ್ಷಿಗೆ ಕರೆಯಬೇಕು.

ಮೈಕಟ್ಟು: ಲೂಯಿಸ್ ಆರಡಿ ಎರಡಿಂಚು, ರೀಚ್ 76 ಇಂಚು, 90 ಕೆಜಿ. ಟೈಸನ್ ಐದಡಿ ಹತ್ತು, 71 ಇಂಚು, 99 ಕೆಜಿ. ಉದ್ದ ಒಬ್ಬನದು, ಭಾರ ಇನ್ನೊಬ್ಬನದು.

ಲೂಯಿಸ್‌ನ ಕಡೆಯ ಬದಲಿಗಳು ಇಬ್ಬರು. 1939ರ ಟೋನಿ ಗ್ಯಾಲೆಂಟೊ ಟೈಸನ್‌ಗಿಂತಲೂ ಗಿಡ್ಡ, 106 ಕೆಜಿ, ಎಡಗೈ ಹುಕ್ (ಬದಿಯಿಂದ ಸುತ್ತಿ ಬರುವ ಪೆಟ್ಟು) ಮಾತ್ರ ಮರದ ದಿಮ್ಮಿ. ಸ್ವಂತ ಬಾರ್ ಇಟ್ಟುಕೊಂಡಿದ್ದವನು, ಮೈ ನೋಡಿದರೇ ತಿಳಿಯುತ್ತದೆ. ಅವನು ಮೂರನೇ ರೌಂಡಿನಲ್ಲಿ ಲೂಯಿಸ್‌ನನ್ನು ಕೂರಿಸಿಬಿಟ್ಟ. ಲೂಯಿಸ್ ಎದ್ದು ನಾಲ್ಕನೆಯದರಲ್ಲಿ ಅವನ ಮುಖ ಗುರುತು ಸಿಗದ ಹಾಗೆ ಮಾಡಿದ. ಇನ್ನೊಬ್ಬ ಚಿಲಿಯ ಆರ್ತುರೊ ಗೊಡಾಯ್, 1940ರಲ್ಲಿ ನೆಲಕ್ಕೆ ಬಗ್ಗಿ ಬಗ್ಗಿ ಒಳನುಗ್ಗಿ ಹದಿನೈದು ರೌಂಡ್ ಲೂಯಿಸ್‌ಗೆ ತಲೆಬಿಸಿ ಕೊಟ್ಟ. ನಾಲ್ಕು ತಿಂಗಳ ನಂತರ ಮರುಪಂದ್ಯದಲ್ಲಿ ಲೂಯಿಸ್ ಅದಕ್ಕೆ ಮದ್ದು ಕಂಡುಹಿಡಿದು ಎಂಟನೆಯದರಲ್ಲಿ ಮುಗಿಸಿದ. ಇಲ್ಲಿ ಎರಡು ಸಂಗತಿ ಸಿಕ್ಕಿತು. ಗಿಡ್ಡಗೆ ಬಗ್ಗಿ ಬರುವವರು ಲೂಯಿಸ್‌ಗೆ ಮೊದಲ ಸಲ ಕಷ್ಟ, ಎರಡನೇ ಸಲ ಸುಲಭ. ನಮ್ಮ ಪಂದ್ಯ ಮೊದಲನೆಯ ಸಲದ್ದು. ಹೋಲದ ಅಂಶವೂ ದೊಡ್ಡದು: ಗ್ಯಾಲೆಂಟೊಗೆ ಟೈಸನ್‌ನ ತಲೆ ಆಡಿಸುವ ಚಳಕ ಇಲ್ಲ, ಗೊಡಾಯ್‌ಗೆ ಟೈಸನ್‌ನ ಪೆಟ್ಟಿಲ್ಲ.

ಟೈಸನ್‌ನ ಕಡೆಗೆ ಬನ್ನಿ. 1987ರ ಆಗಸ್ಟಿನಲ್ಲಿ ಎತ್ತರದ ಟೋನಿ ಟಕರ್ ಮೊದಲ ರೌಂಡಿನಲ್ಲೇ ಕೆಳಗಿಂದ ಮೇಲಕ್ಕೆ ಹೊಡೆಯುವ ಒಂದು ಅಪ್ಪರ್‌ಕಟ್ಟಿನಿಂದ ಟೈಸನ್‌ನ ತಲೆ ಎತ್ತಿಸಿದ. ಟೈಸನ್ ಅಲುಗಾಡಿದ, ಬೀಳಲಿಲ್ಲ, ಹನ್ನೆರಡು ರೌಂಡ್ ಆಡಿ ಗೆದ್ದ. ಬೋನ್‌ಕ್ರಷರ್ ಸ್ಮಿತ್ ತಬ್ಬಿ ಹಿಡಿದು ಹಿಡಿದೇ ಹನ್ನೆರಡು ರೌಂಡ್ ಕಳೆದ. ಅವನು ತಬ್ಬಿದಾಗ ಟೈಸನ್ ಕೆಲಸ ನಿಲ್ಲಿಸಿ ರೆಫರಿಗೆ ಕಾಯುತ್ತಿದ್ದ. ಆದರೆ ಲೂಯಿಸ್ ತಬ್ಬುವವನಲ್ಲ. 1990ರ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಜಾಬ್, ಬಲಗೈ, ಮತ್ತೆ ಜಾಬ್ ಎಂದು ಹತ್ತು ರೌಂಡಿನಲ್ಲಿ ಟೈಸನ್‌ನನ್ನು ಕೆಡವಿದ್ದು ಮಾವನ ಬ್ರಹ್ಮಾಸ್ತ್ರ. ನಾನು ಒಪ್ಪುವುದಿಲ್ಲ. 1988ರ ಕೊನೆಗೆ ಟೈಸನ್ ತನ್ನ ಟ್ರೈನರ್ ಕೆವಿನ್ ರೂನಿಯನ್ನು ಬಿಟ್ಟಿದ್ದ, ಟೋಕಿಯೊದಲ್ಲಿ ತಲೆ ಆಡಿಸುವುದನ್ನೂ ಬಿಟ್ಟಿದ್ದ. ಕರಾರಿನ ತಾರೀಕು ನೋಡಿ ಮಾವ, ಎಂದರೆ ಅವರು ಕನ್ನಡಕ ಒರೆಸುತ್ತಾರೆ.

ಈಗ ಗುಳಿಗೆ ಗುಳಿ ತಾಗಿಸಿ. ಲೂಯಿಸ್‌ನ ಕಾಲು ನಿಧಾನ, ಒಂದೊಂದೇ ಗೇಣು ಜಾರಿಸಿಕೊಂಡು ಬರುವವನು. ಓಡುವ ಕಾನ್ ಎದುರು ಅದು ನಷ್ಟ, ತಾನೇ ಬರುವ ಟೈಸನ್ ಎದುರು ನಷ್ಟವಿಲ್ಲ. ಲೂಯಿಸ್‌ನ ಪೆಟ್ಟು ಅತಿ ಗಿಡ್ಡ, ಆರೇಳು ಇಂಚಿನಲ್ಲಿ ಮುಗಿಯುವಂಥದು, ಒಂದರ ಹಿಂದೆ ಮೂರು. ಟೈಸನ್ ಒಳಬರುವ ಆ ಅರ್ಧ ಕ್ಷಣದಲ್ಲಿ ಇವನಷ್ಟು ನೇರವಾಗಿ ಹೊಡೆಯುವವನು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಇದು ಲೂಯಿಸ್‌ನ ಗೆಲುವಿನ ದಾರಿ. ಟೈಸನ್‌ನದ್ದು ಶ್ಮೆಲಿಂಗ್ ತೋರಿಸಿಕೊಟ್ಟ ಕಂಡಿ: ಜಾಬ್ ಆದಮೇಲೆ ಕೆಳಗೆ ಉಳಿಯುವ ಎಡಗೈ. 1938ರ ಹೊತ್ತಿಗೆ ಲೂಯಿಸ್‌ನ ಟ್ರೈನರ್ ಬ್ಲ್ಯಾಕ್‌ಬರ್ನ್ ಆ ಕಂಡಿಯನ್ನು ಬಹಳ ಮಟ್ಟಿಗೆ ಮುಚ್ಚಿಸಿದ್ದ, ಪೂರ್ತಿ ಅಲ್ಲ. ಟೈಸನ್ ತಲೆ ಆಡಿಸುತ್ತ ಆ ಜಾಬಿನ ಅಡಿಯಿಂದ ಬಂದರೆ ಬಲಗೈ, ಹಿಂದೆಯೇ ಎಡಗೈ ಹುಕ್.

ಎದ್ದು ನಿಲ್ಲುವ ಗುಳಿಯಲ್ಲಿ ಲೂಯಿಸ್‌ಗೆ ನಾಲ್ಕಕ್ಕೆ ನಾಲ್ಕು. 1937ರಲ್ಲಿ ಬ್ರ್ಯಾಡಕ್ ಮೊದಲ ರೌಂಡಿನಲ್ಲೇ ಕೆಡವಿದ್ದ, ಎಂಟನೆಯದರಲ್ಲಿ ಲೂಯಿಸ್ ಪಟ್ಟ ಗೆದ್ದ. 1988ರ ಟೈಸನ್ ಬಿದ್ದೇ ಇರಲಿಲ್ಲ, ಹಾಗಾಗಿ ಎರಡೇ ಕಾಳು. ಉಸಿರಿನಲ್ಲಿ ಲೂಯಿಸ್ ಮೇಲು. ಆರನೇ ರೌಂಡ್ ದಾಟಿದರೆ ಟೈಸನ್‌ನ ಕೈ ಒಂದೊಂದೇ ಬರುತ್ತದೆ, ಮೂರು ಮೂರು ಬರುವುದಿಲ್ಲ.

ಹೆಜ್ಜೆ 6: ಉತ್ತರ ಹೆಸರಲ್ಲ, ಹತ್ತು ಕಾಳು

"ಯಾರು ಗೆಲ್ತಾರೆ" ಎಂದು ಕೇಳಬೇಡಿ. ಈ ಪಂದ್ಯ ಹತ್ತು ಸಲ ನಡೆದರೆ ಯಾರಿಗೆ ಎಷ್ಟು, ಯಾವ ರೌಂಡಿನಲ್ಲಿ ಎಂದು ಕೇಳಿ. ಹತ್ತು ಮಂಜೊಟ್ಟಿ ಎಣಿಸಿ ಇಡಿ.

ನನ್ನ ಹಂಚಿಕೆ: ಟೈಸನ್‌ಗೆ ಆರು, ಅದರಲ್ಲಿ ಐದು ಮೊದಲ ನಾಲ್ಕು ರೌಂಡಿನೊಳಗೆ. ಲೂಯಿಸ್‌ಗೆ ನಾಲ್ಕು, ಅದರಲ್ಲಿ ಒಂದು ಟೈಸನ್ ಒಳನುಗ್ಗುವಾಗ ಎರಡನೇ ರೌಂಡಿನಲ್ಲೇ, ಉಳಿದ ಮೂರು ಆರರಿಂದ ಹತ್ತರೊಳಗೆ. ಸ್ಕೋರ್‌ಕಾರ್ಡಿನ ತನಕ ಹೋಗುವುದಕ್ಕೆ ನಾನು ಒಂದು ಕಾಳನ್ನೂ ಇಟ್ಟಿಲ್ಲ. ಅಂದರೆ ಹನ್ನೆರಡೋ ಹದಿನೈದೋ ಎಂಬ ಕರಾರು ಈ ಜೋಡಿಗೆ ಮುಖ್ಯವೇ ಅಲ್ಲ ಎಂದಾಯಿತು. ಯಾವ ಜೋಡಿಗೆ ಯಾವ ಕರಾರು ತಾಗುತ್ತದೆ ಎಂಬುದು ಹೀಗೆ ಕೊನೆಗೇ ತಿಳಿಯುವುದು. ಈಗ ಒಂದು ಕರಾರನ್ನು ಮಾತ್ರ ಬದಲಿಸಿ ನೋಡಿ. 1938ರ, ಇಂದಿಗಿಂತ ಹಗುರವಾದ ಗ್ಲೌಸ್ ಕೊಟ್ಟರೆ ಮೊದಲು ತಾಗಿದ ನೇರ ಪೆಟ್ಟಿಗೇ ಬೆಲೆ, ಒಂದು ಕಾಳು ಲೂಯಿಸ್‌ನ ಕಡೆಗೆ ಹೋಗುತ್ತದೆ. ಲೂಯಿಸ್ ಈ ಕಾಲದಲ್ಲೇ ಹುಟ್ಟಿ 97–98 ಕೆಜಿ ಆಗಿದ್ದರೆ? ಆಗಲೂ ಒಂದು. ಎರಡೂ ಸೇರಿದರೆ ಲೆಕ್ಕ ಮಗುಚುತ್ತದೆ.

ಕಂಪ್ಯೂಟರಿಗೆ ಕೊಟ್ಟರೆ ಜಗಳ ಮುಗಿಯುತ್ತದೆಯಲ್ಲ ಎನ್ನುವವರಿಗೆ ಒಂದು ಹಳೆಯ ಕತೆ. 1969ರಲ್ಲಿ ಮರ್ರಿ ವೊರೋನರ್ ಎಂಬ ನಿರ್ಮಾಪಕ ಅಲಿ ಮತ್ತು ನಿವೃತ್ತ ಮಾರ್ಸಿಯಾನೊನನ್ನು ಮಯಾಮಿಯ ಸ್ಟುಡಿಯೊಗೆ ಕರೆಸಿ, ತುಂಡು ತುಂಡು ರೌಂಡುಗಳನ್ನು ಚಿತ್ರೀಕರಿಸಿ, ಕಂಪ್ಯೂಟರ್ ಹೇಳಿದ ಫಲಿತಾಂಶಕ್ಕೆ ತಕ್ಕಂತೆ ಜೋಡಿಸಿದ. ಮಾರ್ಸಿಯಾನೊ ತೂಕ ಇಳಿಸಿ, ಬೋಳುತಲೆಗೆ ಕೂದಲಿನ ಟೋಪಿ ಹಾಕಿ ಬಂದಿದ್ದ. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೋರಿಸುವಾಗ ಅವನು ಬದುಕಿರಲಿಲ್ಲ, ಆಗಸ್ಟಿನ ವಿಮಾನ ಅಪಘಾತದಲ್ಲಿ ಹೋಗಿದ್ದ. ಅಮೆರಿಕದವರು ನೋಡಿದ್ದು ಮಾರ್ಸಿಯಾನೊ ಹದಿಮೂರನೇ ರೌಂಡಿನಲ್ಲಿ ಗೆಲ್ಲುವುದನ್ನು. ಬೇರೆ ಕಡೆಗೆಂದು ಅಲಿ ಗೆಲ್ಲುವ ಇನ್ನೊಂದು ಕೊನೆಯೂ ಇತ್ತು! ಯಂತ್ರಕ್ಕೆ ಕಾಳು ಹಾಕುವವನು ಮನುಷ್ಯನೇ ತಾನೆ.

ಹೆಜ್ಜೆ 7: ಪಕ್ಷ ಬದಲಿಸಿ ಕೂತುಕೊಳ್ಳಿ

ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾಲಿವಧೆಯಲ್ಲಿ ಇಂದು ವಾಲಿಯಾದ ಅರ್ಥಧಾರಿ ನಾಳೆ ರಾಮನಾಗುತ್ತಾನೆ, ನಿನ್ನೆ ತಾನೇ ಕೇಳಿದ ಪ್ರಶ್ನೆಗೆ ಇಂದು ತಾನೇ ಉತ್ತರ ಕೊಡಬೇಕು. ಕಾಳು ಹಂಚಿ ಆದಮೇಲೆ ಮಣೆಯನ್ನು ಅರ್ಧ ಸುತ್ತು ತಿರುಗಿಸಿ. ನೀವು ಇಷ್ಟು ಹೊತ್ತು ತೆಗಳಿದವನ ಪರವಾಗಿ ಹದಿನೈದು ನಿಮಿಷ ಮಾತಾಡಿ. ಅದಾದಮೇಲೂ ಕಾಳು ಅಲ್ಲೇ ಉಳಿದರೆ ಅದು ನಿಮ್ಮ ತೀರ್ಪು. ನನಗೆ ಹೀಗೆ ಲೂಯಿಸ್‌ನ ಪರ ವಾದಿಸುವಾಗಲೇ ಗೊಡಾಯ್‌ನ ಮರುಪಂದ್ಯ ನೆನಪಾದದ್ದು. ಅಲ್ಲಿಯವರೆಗೆ ನನ್ನ ಲೆಕ್ಕ ಏಳು–ಮೂರು ಇತ್ತು.

ಹೊಸದಾಗಿ ಶುರುಮಾಡುವವರು ಟೈಸನ್‌–ಅಲಿಯಿಂದ ಆರಂಭಿಸಬೇಡಿ, ಅದರಲ್ಲಿ ಪ್ರೀತಿ ಜಾಸ್ತಿ, ಕಣ್ಣು ಕಾಣುವುದಿಲ್ಲ. ಹೋಮ್ಸ್ ಮತ್ತು ಲೆನಾಕ್ಸ್ ಲೂಯಿಸ್ ಒಳ್ಳೆಯ ಜೋಡಿ, ಎರಡು ಒಳ್ಳೆಯ ಜಾಬ್‌ಗಳು, ಒಳ್ಳೆಯ ಚಿತ್ರಗಳೂ ಸಿಗುತ್ತವೆ. ಹೋಲಿಫೀಲ್ಡ್ ಮತ್ತು ಉಸಿಕ್ ಇಬ್ಬರೂ ಕ್ರೂಸರ್‌ವೇಟಿನಿಂದ ಬಂದವರು, ತೂಕದ ತಲೆನೋವಿಲ್ಲ. ಮಾರ್ಸಿಯಾನೊ–ಫ್ರೇಜಿಯರ್ ಬೇಕಾದರೆ ಕೊನೆಗೆ. ಇಬ್ಬರೂ ಹಿಂದೆ ಹೋಗುವುದೇ ಗೊತ್ತಿಲ್ಲದವರು, ಬದಲಿ ಹುಡುಕುವುದು ಬಲು ಕಷ್ಟ.

ಮಾವನಿಗೆ ಈಗ ಎಂಬತ್ತೆರಡು. ಕಳೆದ ಆಟಿಯಲ್ಲಿ ಲೂಯಿಸ್–ಟೈಸನ್ ಮಣೆಯನ್ನು ಮತ್ತೆ ಹಾಕಿದೆವು. ಹತ್ತೂ ಕಾಳು ಮುಂದಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಐದು ಆ ಕಡೆ, ಐದು ಈ ಕಡೆ ಇಟ್ಟರು. ಅವರ ಪಾಲಿಗೆ ಅದು ದೊಡ್ಡ ಸೋಲು, ನನಗೆ ಗೊತ್ತುಂಟು. ನಾನು ಗೋಳಿಬಜೆ ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಲೂಯಿಸ್‌ನ ಕಡೆ ಆರಾಗಿತ್ತು.